ಬ್ರೇಕಿನ ಮೇಲಿನ ಕಾಲು

ನೋವು ಶುರುವಾದದ್ದು ಒಂದು ಗಾಲಿ ಎತ್ತುವಾಗ.

ಅರವತ್ತರ ದಶಕದ ಮೊದಲ ವರ್ಷಗಳು. ಹಳಿಯಾಳದಿಂದ ದಾಂಡೇಲಿ ಮೇಲೆ ಹಾಯ್ದು ಜೊಯಿಡಾಕ್ಕೆ ಹೋಗುವ ಬಸ್ಸಿಗೆ ನಾನು ಡ್ರೈವರ್ ಆಗಿದ್ದೆ. ದಾಂಡೇಲಿ ದಾಟಿ ಕಾಡು ಹೊಕ್ಕ ಮೇಲೆ ಹಿಂದಿನ ಗಾಲಿಯ ಗಾಳಿ ಹೋಯಿತು. ಕಂಡಕ್ಟರ್ ಚಾಚಾ ಕೆಳಗಿಳಿದು ಜಾಕ್ ಹಚ್ಚಿದರು. ಸ್ಟೆಪ್ನಿ ಗಾಲಿಯನ್ನು ಇಬ್ಬರೂ ಕೂಡಿ ಎತ್ತುವುದು ನಮ್ಮ ರೂಢಿ. ಅಂದು ನನಗೇನು ಅವಸರವಿತ್ತೋ, ಅವರು ಈ ಕಡೆ ಬರುವಷ್ಟರಲ್ಲಿ ಒಬ್ಬನೇ ಬಗ್ಗಿ ಎತ್ತಿಬಿಟ್ಟೆ. ಟೊಂಕದ ಕೆಳಗೆ ಬಲಕ್ಕೆ ಏನೋ ಚಟ್ಟೆಂದಿತು. ಬೆವರೊಡೆಯಿತು, ಅಷ್ಟೇ. ನಟ್ಟು ಬಿಗಿದು ಜೊಯಿಡಾ ಮುಟ್ಟಿಸಿ, ಹೊಳ್ಳಿ ಹಳಿಯಾಳಕ್ಕೂ ಬಂದೆ. ಮರುದಿನ ಬೆಳಿಗ್ಗೆ ಎದ್ದರೆ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಬಗ್ಗುವುದಾಗಲಿಲ್ಲ.

ಮೊದಲು ಅದು ಬರೀ ಟೊಂಕನೋವು. ನಾಲ್ಕೈದು ದಿನಕ್ಕೆ ಟೊಂಕ ಬಿಟ್ಟು ಕೆಳಗಿಳಿಯಿತು. ತೊಡೆಯ ಹಿಂಬದಿಯಿಂದ ಮೀನಖಂಡಕ್ಕೆ, ಅಲ್ಲಿಂದ ಪಾದದ ಮೇಲೆ ಹೆಬ್ಬೆರಳಿನ ತನಕ ಕಾಯಿಸಿದ ತಂತಿ ಎಳೆದ ಹಾಗೆ. ಕೆಮ್ಮಿದರೆ ಹೊಡೆಯುತ್ತಿತ್ತು, ಸೀನಿದರೆ ಹೊಡೆಯುತ್ತಿತ್ತು. ನಿಂತರೆ ತಡೆದುಕೊಳ್ಳಬಹುದು, ಕೂತರೆ ಆಗದು. ನನ್ನದೋ ದಿನಕ್ಕೆ ಏಳೆಂಟು ತಾಸು ಕೂತೇ ಮಾಡುವ ಕೆಲಸ.

ನನ್ನ ಹೆಂಡತಿ ಎಕ್ಕಿ ಎಲೆಗೆ ಹರಳೆಣ್ಣೆ ಸವರಿ ಕಾಸಿ ಕಟ್ಟಿದಳು. ಇಟ್ಟಿಗೆ ಬಿಸಿ ಮಾಡಿ, ಹಳೆಯ ಸೀರೆಯಲ್ಲಿ ಸುತ್ತಿ ಶಾಖ ಕೊಟ್ಟಳು. ಶಾಖ ಇದ್ದಷ್ಟು ಹೊತ್ತು ಆರಾಮ. ಆಮೇಲೆ ಮತ್ತೆ ಅದೇ.

"ದವಾಖಾನಿಗೆ ತೋರಸ್ರಿ," ಅಂದಳು.

"ತೋರಿಸಿದ್ರ ಡಾಕ್ಟರ್ ಚೀಟಿ ಬರೀತಾರ. ಆ ಚೀಟಿ ಡಿಪೋಕ್ಕ ಹೋಗತೈತಿ."

ಚೀಟಿ ಹೋದರೆ ಏನಾಗುತ್ತದೆ ಎಂದು ಅವಳಿಗೂ ಗೊತ್ತಿತ್ತು. ಒಂದು ವರ್ಷದ ಹಿಂದೆ ನಮ್ಮಲ್ಲೇ ಒಬ್ಬ ಡ್ರೈವರ್ ಕಣ್ಣಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಸ್ಟಿಯರಿಂಗ್ ಬಿಟ್ಟಿದ್ದ. ಕೆಲಸ ಹೋದ ಮೇಲೆ ಅವನು ಬಸ್ ಸ್ಟ್ಯಾಂಡಿಗೆ ಬಂದು ಸುಮ್ಮನೆ ಬೆಂಚಿನ ಮೇಲೆ ಕೂತಿರುತ್ತಿದ್ದ. ಯಾವ ಬಸ್ಸು ಬಂದರೂ ಎದ್ದು ಅದರ ಮುಂದಿನ ಗಾಲಿ ನೋಡುತ್ತಿದ್ದ. ಅವನನ್ನು ಕಂಡಾಗೆಲ್ಲ ನಾನು ಮುಖ ತಿರುಗಿಸಿ ಹೋಗುತ್ತಿದ್ದೆ. ಮನೆಯಲ್ಲಿ ಇಬ್ಬರು ಸಣ್ಣ ಹೆಣ್ಣುಮಕ್ಕಳು. ಕಾಡಿನ ಕಟ್ಟಿಗೆ ಲಾರಿಗಳಲ್ಲಿ ವರ್ಷಗಟ್ಟಲೆ ಅಲೆದು ಕಡೆಗೆ ಹತ್ತಿದ ಕಾಯಂ ನೌಕರಿ ಅದು. ಸ್ಟಿಯರಿಂಗ್ ಬಿಟ್ಟರೆ ನನಗೆ ಬೇರೆ ಏನೂ ಬರುತ್ತಿರಲಿಲ್ಲ.

ಹೀಗಾಗಿ ಮುಚ್ಚಿಟ್ಟೆ. ಸೀಟಿನ ಮೇಲೆ ಮಡಚಿದ ಕಂಬಳಿ ಹಾಕಿಕೊಂಡೆ. ಇಳಿಯುವಾಗ ಬಾಗಿಲಿನ ಸರಳು ಹಿಡಿದು ಮೊದಲು ಎಡಗಾಲು ಊರುತ್ತಿದ್ದೆ. ಚಾಚಾ ನೋಡುತ್ತಿದ್ದರು. ಹಳಿಯಾಳದವರೇ, ನನಗಿಂತ ಹದಿನೈದು ವರ್ಷ ದೊಡ್ಡವರು, ಮಾತು ಕಡಿಮೆ. ಒಂದು ದಿನ ಜೊಯಿಡಾದಲ್ಲಿ ಬಸ್ಸು ನಿಂತಾಗ ಚಹಾದ ಬಟ್ಟಲನ್ನು ನನ್ನ ಕೈಗೇ ತಂದುಕೊಟ್ಟು, "ಕಾಲು ಹೆಂಗೈತಿ?" ಅಂದರು.

"ಯಾವ ಕಾಲು?"

"ಬಲಗಾಲು. ನೀ ಎಳದು ನಡೀತಿ."

"ಉಳುಕೈತಿ ಚಾಚಾ. ಹೋಗತೈತಿ."

ಅವರು ತಲೆಯಾಡಿಸಿದರು. ನಂಬಿದ ಹಾಗೆ ಕಾಣಲಿಲ್ಲ.

ಇಂದೂರೆಂಬ ಹಳ್ಳಿಯ ಅಜ್ಜಿಯ ವಿಷಯ ತೆಗೆದವಳು ನನ್ನ ಹೆಂಡತಿ. ಅವಳ ತವರು ಮುಂಡಗೋಡದ ಕಡೆ ಚಿಗಳ್ಳಿ. ಆ ಸುತ್ತಿನ ಹಳ್ಳಿಗಳಲ್ಲಿ ಕೈ ಮುರಿದರೆ, ಟೊಂಕ ಹಿಡಿದರೆ ಜನ ಹೋಗುತ್ತಿದ್ದದ್ದು ಆ ಅಜ್ಜಿಯ ಹತ್ತಿರ. ನನ್ನ ಮಾವನವರು ಬಂಡಿಯಿಂದ ಬಿದ್ದು ಭುಜ ತಪ್ಪಿದಾಗ ಆಕೆಯೇ ಕೂಡಿಸಿದ್ದಳಂತೆ. "ಆಕಿ ಚೀಟಿ ಗೀಟಿ ಬರೆಯಾಂಗಿಲ್ಲ," ಅಂದಳು ಹೆಂಡತಿ. ಆ ಮಾತೇ ನನಗೆ ಬೇಕಾಗಿದ್ದದ್ದು.

ನನ್ನ ರಜೆಯ ದಿನ ಇಬ್ಬರೂ ಹೊರಟೆವು. ಕಲಘಟಗಿಯಲ್ಲಿ ಬಸ್ಸು ಬದಲಿಸಿ, ಮುಂಡಗೋಡದ ಬಸ್ಸು ಹಿಡಿದು ಇಂದೂರಿನಲ್ಲಿ ಇಳಿದೆವು. ದಾರಿಯುದ್ದಕ್ಕೂ ನಾನು ಸೀಟಿನ ಹಿಂದಿನ ಸರಳು ಹಿಡಿದು ನಿಂತೇ ಬಂದೆ. ಆ ಬಸ್ಸಿನ ಕಂಡಕ್ಟರ್ ಗುರುತಿನವನು. "ಯಾಕ್ರಿ, ಕುಂದ್ರಬಾರದ?" ಎಂದು ಕೇಳಿದ. "ದಿನಾ ಕುಂತು ಬ್ಯಾಸರಾಗೈತಿ," ಎಂದು ನಕ್ಕೆ. ಈ ಸುದ್ದಿ ಡಿಪೋಕ್ಕೆ ಮುಟ್ಟಬಾರದಲ್ಲ.

ಅಜ್ಜಿ ಒಕ್ಕಲುತನದ ಮನೆಯವಳು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಸಣಕಲು ದೇಹ. ಮುಂಗೈ ಮಾತ್ರ ಗಂಡಸರದಕ್ಕಿಂತ ಗಟ್ಟಿ. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು, ನಾನು ಹೊಸ್ತಿಲು ದಾಟುವುದನ್ನು ಮೊದಲಿನಿಂದ ಕೊನೆತನಕ ನೋಡಿದಳು. ಆಮೇಲೇ ಮಾತಾಡಿದ್ದು.

"ಎಷ್ಟ ದಿನ ಆತು, ತಮ್ಮಾ?"

"ತಿಂಗಳಾತ್ರಿ."

ಕಂಬಳಿ ಹಾಸಿ ಅಂಗಾತ ಮಲಗಿಸಿದಳು. ಮಂಡಿ ಮಡಚದಂತೆ ಬಲಗಾಲನ್ನು ಹಿಮ್ಮಡ ಹಿಡಿದು ಮೆಲ್ಲಗೆ ಎತ್ತಿದಳು. ಒಂದು ಗೇಣು ಎತ್ತುವುದರೊಳಗೆ ನನ್ನ ಬಾಯಿಂದ ನರಳಿಕೆ ಬಂತು. ಕೆಳಗಿಟ್ಟು ಎಡಗಾಲು ಎತ್ತಿದಳು. ಅದು ಸಲೀಸಾಗಿ ಮೇಲೆ ಹೋಯಿತು.

"ಕೆಮ್ಮಿದ್ರ ಕಾಲಿಗೆ ಹೊಡೀತೈತೇನು?"

"ಹೌದ್ರಿ."

"ಒಂದಕ್ಕ ಹೋಗೂದು ಸರಳ ಐತಿಲ್ಲೋ?"

ಹೆಂಡತಿಯ ಮುಂದೆ ಆ ಪ್ರಶ್ನೆಗೆ ನಾಚಿಕೆಯಾಯಿತು. ಸರಳ ಐತಿ ಅಂದೆ. ಪಾದವನ್ನು ಮೇಲೆ ಎತ್ತು, ಕೆಳಗೆ ಒತ್ತು ಎಂದು ಹೇಳಿ ತನ್ನ ಅಂಗೈ ಅಡ್ಡ ಕೊಟ್ಟು ಶಕ್ತಿ ನೋಡಿದಳು. ಆಗ ಶಕ್ತಿ ಇತ್ತು. ಆಮೇಲೆ ಎಡಮಗ್ಗುಲಾಗಿ ಮಲಗಿಸಿ, ಮೇಲಿನ ಮೊಣಕಾಲು ಮಡಚಿಸಿ, ಒಂದು ಕೈ ನನ್ನ ಭುಜದ ಮೇಲೆ, ಇನ್ನೊಂದರ ಮೊಣಕೈ ಟೊಂಕದ ಮೇಲೆ ಊರಿದಳು. "ಉಸರ ಬಿಡು," ಅಂದಳು. ಬಿಟ್ಟೆ. "ಇನ್ನಷ್ಟ ಬಿಡು." ಉಸಿರು ಪೂರ್ತಿ ಖಾಲಿಯಾದ ಗಳಿಗೆಯಲ್ಲಿ ಭುಜ ಅತ್ತ, ಟೊಂಕ ಇತ್ತ ಒಂದೇ ಸಲ ಹೊರಳಿಸಿದಳು. ಟೊಂಕದೊಳಗೆ ಲಟಲಟ ಸಪ್ಪಳವಾಯಿತು. ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದಳು.

ಎದ್ದು ನಿಂತೆ. ಕಾಲಿನೊಳಗಿನ ತಂತಿಯನ್ನು ಯಾರೋ ಸಡಿಲು ಬಿಟ್ಟ ಹಾಗಿತ್ತು. ತಿಂಗಳಾದ ಮೇಲೆ ಮೊದಲ ಸಲ ನೆಟ್ಟಗೆ ನಿಂತಿದ್ದೆ. ಅಜ್ಜಿಯ ಕಾಲು ಮುಟ್ಟಲು ಹೋದೆ, ಅವಳು ತಡೆದಳು.

"ಈಗ ಬಗ್ಗಬ್ಯಾಡ. ಎಂಟ ದಿನ ನೆಲದ ಮ್ಯಾಲ ಮಕ್ಕೋ. ಎಂಟ ದಿನ ಬಸ್ಸಿನಾಗ ಕುಂದ್ರಬ್ಯಾಡ, ಬಸ್ ನಡಸೂದಂತೂ ದೂರ. ಎಂಟನೇ ದಿನಕ್ಕ ಬಾ. ಇದು ಒಂದ ಸಲಕ್ಕ ಆಗೂದಲ್ಲ."

"ಹೂಂ ರೀ," ಅಂದೆ.

ಹೂಂ ಅಂದವನು ಎರಡೇ ದಿನ ಮನೆಯಲ್ಲಿದ್ದೆ. ಎಂಟು ದಿನ ರಜೆ ಕೇಳಿದರೆ ಯಾಕೆ ಅಂತ ಕೇಳುತ್ತಾರೆ ಎಂಬ ಭಯ ಒಂದು. ಆರಾಮಾಗಿದೆಯಲ್ಲ ಎಂಬ ಹುಂಬತನ ಇನ್ನೊಂದು. ಮೂರನೆಯ ದಿನ ಮತ್ತೆ ಸೀಟಿನ ಮೇಲೆ ಕೂತಿದ್ದೆ. ಎಂಟನೆಯ ದಿನಕ್ಕೆ ಇಂದೂರಿಗೂ ಹೋಗಲಿಲ್ಲ.

ಮುಂದಿನ ಎರಡು ಮೂರು ವಾರ ನೋವು ಕಡಿಮೆಯಾಗುತ್ತಲೇ ಹೋಯಿತು. ನಾನು ಖುಷಿಯಾಗಿದ್ದೆ. ಮನೆಯಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡದ್ದೂ ಉಂಟು. ನೋವಿನ ಜೊತೆಗೆ ಬೇರೇನೋ ಹೋಗುತ್ತಿದೆ ಎಂಬುದು ತಿಳಿಯಲು ತಡವಾಯಿತು. ಒಂದು ಬೆಳಿಗ್ಗೆ ಬಾವಿಯಿಂದ ಮನೆಗೆ ಬಂದಾಗ ದೊಡ್ಡ ಮಗಳು, "ಅಪ್ಪಾ, ನಿನ್ನ ಒಂದ ಚಪ್ಪಲಿ ಎಲ್ಲಿ?" ಅಂದಳು. ಬಲಗಾಲಿನ ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಕೂತು ಪಾದದ ಮೇಲ್ಭಾಗವನ್ನು ಚಿವುಟಿಕೊಂಡೆ. ದಪ್ಪ ಬಟ್ಟೆಯ ಮೇಲಿಂದ ಚಿವುಟಿದ ಹಾಗೆ. ಹೆಬ್ಬೆರಳು ಎತ್ತಲು ನೋಡಿದೆ. ಎಡಗಾಲಿನದು ಎದ್ದಿತು, ಬಲಗಾಲಿನದು ಅರ್ಧಕ್ಕೇ ನಿಂತಿತು.

ಅಂದು ಕೆಲಸಕ್ಕೆ ಹೋಗಬಾರದಿತ್ತು. ಹೋದೆ. ಚಪ್ಪಲಿ ತೆಗೆದು ಬರಿಗಾಲಲ್ಲಿ ಬಸ್ಸು ನಡೆಸಿದರೆ ಪೆಡಲ್ ಗೊತ್ತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮತ್ತೆ ಮೂರು ದಿನ ಹಾಗೇ ನಡೆಸಿದೆ. ಪ್ರತಿ ತಿರುವಿಗೂ ಕಾಲು ಎಲ್ಲಿದೆ ಎಂದು ಕಣ್ಣು ಕೆಳಗೆ ಹೋಗುತ್ತಿತ್ತು. ರಸ್ತೆ ನೋಡಬೇಕಾದ ಕಣ್ಣು.

ನಾಲ್ಕನೆಯ ದಿನ ಮಧ್ಯಾಹ್ನ, ಜೊಯಿಡಾದಿಂದ ಹೊಳ್ಳಿ ಬರುವಾಗ, ಕಾಡಿನ ನಡುವಿನ ಒಂದು ಇಳಿಜಾರಿನಲ್ಲಿ ತಿರುವು ದಾಟಿದ ಕೂಡಲೇ ರಸ್ತೆಯ ಮಧ್ಯೆ ಒಬ್ಬ ಹೆಣ್ಣುಮಗಳು ಕಂಡಳು. ತಲೆಯ ಮೇಲೆ ಉದ್ದನೆಯ ಕಟ್ಟಿಗೆ ಹೊರೆ. ಹೊರೆ ಇದ್ದವರಿಗೆ ತಟ್ಟನೆ ತಿರುಗಲು ಬರುವುದಿಲ್ಲ. ಹಾರ್ನ್ ಒತ್ತಿ, ಆಕ್ಸಿಲರೇಟರಿನಿಂದ ಕಾಲು ಎತ್ತಿ ಬ್ರೇಕಿನ ಮೇಲೆ ಇಡಲು ಹೋದೆ. ಕಾಲು ಬಂತು, ಪಾದ ಏಳಲಿಲ್ಲ. ಬೆರಳುಗಳು ಬ್ರೇಕ್ ಪೆಡಲಿನ ಅಂಚಿಗೆ ಕೆಳಗಿನಿಂದ ಸಿಕ್ಕಿಕೊಂಡವು. ಒತ್ತಿದರೆ ಒತ್ತುವುದಕ್ಕೆ ಏನೂ ಇಲ್ಲ. ಬಸ್ಸು ಇಳಿಯುತ್ತಲೇ ಇತ್ತು. ಎಡಗಾಲನ್ನು ಕ್ಲಚ್ಚಿನಿಂದ ಕಿತ್ತು ಬ್ರೇಕಿನ ಮೇಲೆ ಹಾಕಿದೆ, ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದೆ. ಬಸ್ಸು ಹೊಯ್ದಾಡಿ, ಎಂಜಿನ್ ಬಂದಾಗಿ, ಎಡಕ್ಕೆ ಮಣ್ಣಿನ ದಿಬ್ಬಕ್ಕೆ ಒರಗಿ ನಿಂತಿತು. ಹಿಂದೆ ಜನ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಒಂದು ಕೂಸು ಅಳತೊಡಗಿತು.

ಆ ಹೆಣ್ಣುಮಗಳು ಹೊರೆ ಒಗೆದು ಚರಂಡಿಗೆ ಹಾರಿದ್ದಳು. ನಾನು ಕೆಳಗಿಳಿಯಲು ಹೋಗಿ ಮುಗ್ಗರಿಸಿದೆ. ಚಾಚಾ ನನ್ನನ್ನು ದಾಟಿ ಅವಳ ಹತ್ತಿರ ಓಡಿದರು. ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ. ಅವಳು ಕೊಂಕಣಿಯಲ್ಲಿ ಏನೋ ಅಂದಳು. ನನಗೆ ಅರ್ಥವಾಗಲಿಲ್ಲ, ಚಾಚಾ ಹೇಳಲೂ ಇಲ್ಲ. ಚದುರಿದ ಕಟ್ಟಿಗೆಯನ್ನು ಅವರೇ ಒಟ್ಟುಗೂಡಿಸಿ ಕಟ್ಟಿ ಅವಳ ತಲೆಗೆ ಎತ್ತಿಕೊಟ್ಟರು. ಆಮೇಲೆ ಬಂದು ನನ್ನ ಬರಿಗಾಲು ನೋಡಿದರು.

"ಪಾದ ಎತ್ತು," ಅಂದರು.

ಎತ್ತಿದೆ. ಏಳಲಿಲ್ಲ.

"ಈ ಕಾಲಿಲೆ ನೀ ಇಷ್ಟ ಮಂದೀನ ಕರಕೊಂಡ ಬಂದಿ."

ಹಿಂದಿನಿಂದ ಬಂದ ಒಂದು ಕಟ್ಟಿಗೆ ಲಾರಿಯ ಡ್ರೈವರನ್ನು ಅವರು ಬೇಡಿಕೊಂಡರು. ಅವನು ತನ್ನ ಲಾರಿಯನ್ನು ಜೊತೆಗಾರನಿಗೆ ಕೊಟ್ಟು ನಮ್ಮ ಬಸ್ಸನ್ನು ದಾಂಡೇಲಿಗೆ ಮುಟ್ಟಿಸಿದ. ಅಲ್ಲಿಂದ ಬೇರೆ ಡ್ರೈವರ್ ಬಂದ. ನಾನು ಪ್ರಯಾಣಿಕರ ನಡುವೆ ಕೂತು ಹಳಿಯಾಳಕ್ಕೆ ಬಂದೆ. ಸ್ಟ್ಯಾಂಡಿನಲ್ಲಿ ಇಳಿದಾಗ ಚಾಚಾ ನನ್ನ ತೋಳು ಹಿಡಿದರು.

"ಡಿಪೋದಾಗ ನೀ ಹೇಳ್ತಿಯೋ, ನಾ ಹೇಳ್ಲೋ?"

"ಒಂದ ದಿನ ಕೊಡ್ರಿ ಚಾಚಾ. ನಾಳೆ ಇಂದೂರಿಗೆ ಹೋಗಿ ಬರ್ತೇನಿ. ಅಜ್ಜಿ ಸರಿ ಮಾಡ್ತಾಳ."

ಅವರು ತೋಳು ಬಿಟ್ಟು, "ಒಂದ ದಿನ," ಅಂದರು.

ಮರುದಿನ ಮತ್ತೆ ನಾವಿಬ್ಬರೂ ಇಂದೂರಿನಲ್ಲಿದ್ದೆವು. ಅಜ್ಜಿಗೆ ನನ್ನ ಗುರುತು ಹತ್ತಿತು. ಎಂಟನೇ ದಿನಕ್ಕೆ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಅಂಗಳದಲ್ಲಿ ನಿಲ್ಲಿಸಿ, "ಹಿಮ್ಮಡದ ಮ್ಯಾಲ ನಡದು ತೋರಸು," ಅಂದಳು. ಬೆರಳು ಎತ್ತಿ ಹಿಮ್ಮಡದ ಮೇಲೆ ನಾಲ್ಕು ಹೆಜ್ಜೆ. ಎಡಗಾಲು ಮಾತು ಕೇಳಿತು, ಬಲಪಾದ ಪಟ್ಟನೆ ನೆಲಕ್ಕೆ ಬಡಿಯಿತು. ಇನ್ನೊಮ್ಮೆ ಅಂದಳು. ಮತ್ತೆ ಹಾಗೇ ಆಯಿತು. ನಾನು ಒಳಗೆ ಹೋಗಿ ಕಂಬಳಿಯ ಮೇಲೆ ಮಲಗಲು ಹೊರಟೆ.

"ಮಕ್ಕೋಬ್ಯಾಡ," ಅಂದಳು ಅಜ್ಜಿ. "ನಾ ಇನ್ನ ನಿನ್ನ ಟೊಂಕ ಮುಟ್ಟಂಗಿಲ್ಲ."

"ಯಾಕ್ರಿ ಅಜ್ಜಿ? ಹ್ವಾದ ಸಲ ಮಾಡಿದಂಗ ಮಾಡ್ರಿ. ಎಂಟ ದಿನ ಅಲ್ಲ, ತಿಂಗಳ ಹೇಳಿದ್ರ ತಿಂಗಳ ಮಕ್ಕೋತೇನಿ."

"ಹ್ವಾದ ಸಲ ನೋವಿತ್ತು. ಈ ಸಲ ಶಕ್ತೀನ ಹೋಗೈತಿ. ನರ ಒಳಗ ಜಜ್ಜಿ ನುಗ್ಗಾಗಾಕತ್ತೈತಿ. ಈಗ ತಿರುವಿದ್ರ ಸುದ್ದ ಆಗಬಹುದು, ಇಲ್ಲಾ ಇದ್ದದ್ದೂ ಹೋಗಬಹುದು. ಯಾವುದಂತ ನನ್ನ ಕೈಗೆ ತಿಳಿಯಾಂಗಿಲ್ಲ."

ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಕೈ ಮುಗಿದೆ. ನೌಕರಿ ಹೋಗುತ್ತದೆ, ಎರಡು ಮಕ್ಕಳಿದ್ದಾರೆ ಎಂದೆ. ಅಜ್ಜಿ ಪಡಸಾಲೆಯ ಕಂಬಕ್ಕೆ ಒರಗಿ ಕೂತು ನನ್ನ ಹೆಂಡತಿಯ ಕಡೆ ತಿರುಗಿದಳು. ಮುಂದಿನ ಮಾತನ್ನು ಅವಳಿಗೇ ಹೇಳಿದಳು.

"ನನ್ನ ತಮ್ಮಗ ಹಿಂಗ ಆಗಿತ್ತವ್ವಾ. ಪಾದ ಏಳವಲ್ದಾಗಿತ್ತು. ಅಕ್ಕಾ, ನೀನ ಮಾಡು ಅಂದ. ಈ ಕೆಲಸ ಕಲಿಸಿದ ನಮ್ಮಪ್ಪ ಇಂಥಾದ್ದನ್ನ ಮುಟ್ಟಬ್ಯಾಡ ಅಂತ ಹೇಳಿಕೊಟ್ಟಿದ್ದ, ಆದ್ರೂ ತಮ್ಮ ಅಳ್ತಾನಂತ ಮುಟ್ಟಿದೆ. ಅವತ್ತ ಸಂಜಿಗೆ ಎರಡೂ ಕಾಲು ಬಿದ್ದುವು. ಒಂದಕ್ಕ ಹೋಗೂದೂ ನಿಂತಿತು. ಆರ ತಿಂಗಳ ಹಾಸಿಗ್ಯಾಗ ಇದ್ದು ತೀರಿಕೊಂಡ. ಇವನ್ನ ಕರಕೊಂಡ ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಹೋಗು. ನಾಳೆ ಅನಬ್ಯಾಡ."

ನನ್ನ ಹೆಂಡತಿ ಎದ್ದು ನಿಂತಳು. "ನಡೀರಿ," ಅಂದಳು. ಮದುವೆಯಾದಾಗಿನಿಂದ ಅವಳು ನನಗೆ ಅಷ್ಟು ಗಟ್ಟಿಯಾಗಿ ಏನನ್ನೂ ಹೇಳಿರಲಿಲ್ಲ. ಚಿಗಳ್ಳಿಯ ಕಡೆ ಹೋಗುತ್ತಿದ್ದ ಒಬ್ಬ ಬಂಡಿಯವನ ಕೈಯಲ್ಲಿ ತವರಿಗೆ ಸುದ್ದಿ ಕಳಿಸಿದಳು, ಹಳಿಯಾಳಕ್ಕೆ ಬಂದು ಮಕ್ಕಳನ್ನು ಕರೆದುಕೊಂಡು ಹೋಗಿ ಎಂದು. ಹುಬ್ಬಳ್ಳಿಯ ದಾರಿ ಹಿಡಿಯುವ ಮೊದಲು ಒಂದು ಕೆಲಸ ಉಳಿದಿತ್ತು. ಮಧ್ಯಾಹ್ನದೊಳಗೆ ಹಳಿಯಾಳ ಮುಟ್ಟಿ ನೇರವಾಗಿ ಡಿಪೋಕ್ಕೆ ಹೋದೆವು.

ಸಾಹೇಬರ ಕೋಣೆಯ ಹೊರಗೆ ಕೂತಿದ್ದ ಆ ಅರ್ಧ ತಾಸಿನಲ್ಲಿ ಏನೇನು ಸುಳ್ಳು ಹೇಳಬಹುದು ಎಂದು ಲೆಕ್ಕ ಹಾಕಿದೆ. ಒಂದು ವಾರದಿಂದ ಎನ್ನಬಹುದು. ನಿನ್ನೆ ತಟ್ಟನೆ ಆಯಿತು ಎನ್ನಬಹುದು. ಒಳಗೆ ಕರೆದರು. ಚಾಚಾ ಮೊದಲೇ ಅಲ್ಲಿ ನಿಂತಿದ್ದರು. ಬಸ್ಸು ದಿಬ್ಬಕ್ಕೆ ತಾಗಿದ್ದನ್ನು ಮಾತ್ರ ಹೇಳಿದ್ದರು, ಕಾಲಿನ ಮಾತು ನನಗೇ ಬಿಟ್ಟಿದ್ದರು.

"ಎಷ್ಟು ದಿವಸದಿಂದ?" ಎಂದು ಸಾಹೇಬರು ಕೇಳಿದರು.

"ಎರಡು ತಿಂಗಳಾತ್ರಿ. ಪಾದದ ಶಕ್ತಿ ಹೋಗಿದ್ದು ಗೊತ್ತಾಗಿ ಐದು ದಿನ. ಗೊತ್ತಿದ್ದೂ ಬಸ್ ನಡಸೀನ್ರಿ."

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅನಿಸಿತು. "ಮೊದಲು ಕಾಲು ನೋಡಿಕೋ. ಉಳಿದದ್ದು ಆಮೇಲೆ," ಎಂದು ಒಂದು ಕಾಗದ ಬರೆದುಕೊಟ್ಟರು. ಆ ಉಳಿದದ್ದು ಏನು ಎಂಬುದೇ ನನ್ನ ಜೊತೆ ಹುಬ್ಬಳ್ಳಿಗೆ ಬಂತು.

ದವಾಖಾನೆಯಲ್ಲಿ ಹಲಗೆ ಹಾಸಿದ ಮಂಚದ ಮೇಲೆ ಮಲಗಿಸಿ, ಕಾಲಿಗೆ ಪಟ್ಟಿ ಕಟ್ಟಿ, ಹಗ್ಗ ರಾಟೆಯ ಮೇಲೆ ಹಾಯಿಸಿ ಭಾರ ತೂಗಬಿಟ್ಟರು. ಡಾಕ್ಟರು ದಿನಾ ಬಂದು ಸೂಜಿಯಿಂದ ಪಾದ ಚುಚ್ಚಿ, ಗೊತ್ತಾಗುತ್ತದೆಯೇ ಎಂದು ಕೇಳುತ್ತಿದ್ದರು. ಬೆನ್ನುಮೂಳೆಯ ನಡುವಿನ ಮೆತ್ತೆ ಜರುಗಿ ನರವನ್ನು ಒತ್ತಿದೆ, ಶಕ್ತಿ ಬಂದರೂ ಬಂತು, ಬರದಿದ್ದರೂ ಇಲ್ಲ ಅಂದರು. ಮೂತ್ರ ಕಟ್ಟಿದರೆ, ಎಡಗಾಲಿಗೂ ಜೋಮು ಬಂದರೆ ಆ ಕ್ಷಣವೇ ಹೇಳಬೇಕು, ಮುಂಬಯಿಗೆ ಕಳಿಸಿ ಆಪರೇಷನ್ ಮಾಡಿಸಬೇಕಾಗುತ್ತದೆ ಎಂದರು. ಅಜ್ಜಿ ಕೇಳಿದ್ದ ಮೂತ್ರದ ಮಾತನ್ನೇ ಅವರೂ ಎತ್ತಿದ್ದು ನನ್ನ ಭಯವನ್ನು ಇನ್ನೂ ಹೆಚ್ಚಿಸಿತು. ದಿನಕ್ಕೆ ಹತ್ತು ಸಲ ಎಡಗಾಲನ್ನು ಚಿವುಟಿಕೊಳ್ಳುತ್ತಿದ್ದೆ. ಮೂತ್ರಕ್ಕೆ ಒಂದು ಗಳಿಗೆ ತಡವಾದರೂ ಬೆವರುತ್ತಿದ್ದೆ.

ಹೆಂಡತಿ ಒಂದು ದಿನ ಧೈರ್ಯ ಮಾಡಿ ಡಾಕ್ಟರಿಗೆ ಅಜ್ಜಿಯ ಸಂಗತಿ ಹೇಳಿದಳು. ಅವರು ಸಿಟ್ಟಾಗುತ್ತಾರೆ ಎಂದು ನಾನು ಅಂಜಿದ್ದೆ. ಅವರು ಪೂರ್ತಿ ಕೇಳಿಕೊಂಡು, "ಮೊದಲನೇ ಸಲ ಮಾಡಿದ್ದಕ್ಕೆ ನಾನೇನೂ ಹೇಳಲಾರೆ. ಎರಡನೇ ಸಲ ಕೈ ಬಿಟ್ಟಳಲ್ಲ, ಅದಕ್ಕೆ ಇವರು ಇಲ್ಲಿದ್ದಾರೆ," ಅಂದರು.

ಬೆಳಿಗ್ಗೆ ಮುಖ ತೊಳೆಸಿದ ಮೇಲೆ ಹೆಂಡತಿ ಮಂಚದ ಕಾಲ ಕಡೆ ನಿಂತು, "ಎತ್ತರಿ," ಅನ್ನುತ್ತಿದ್ದಳು. ನಾನು ಹಲ್ಲು ಕಚ್ಚಿ ಬಲಗಾಲಿನ ಹೆಬ್ಬೆರಳನ್ನು ಎತ್ತಲು ನೋಡುತ್ತಿದ್ದೆ. ಇಬ್ಬರೂ ಅದನ್ನೇ ನೋಡುತ್ತಿದ್ದೆವು. ಒಂದು ವಾರ ಏನೂ ಇಲ್ಲ. ಎರಡನೇ ವಾರವೂ ಇಲ್ಲ. ಮೂರನೇ ವಾರದಲ್ಲಿ ನಾನು ಎತ್ತುವುದನ್ನೇ ಬಿಟ್ಟಿದ್ದೆ, ಅವಳು ಕೇಳುವುದನ್ನು ಬಿಟ್ಟಿರಲಿಲ್ಲ. ನಾಲ್ಕನೇ ವಾರದ ಒಂದು ದಿನ, "ಎತ್ತರಿ," ಅಂದವಳು ಮಂಚದ ಅಂಚಿನ ಮೇಲೆ ಕೂತುಬಿಟ್ಟಳು. "ಇನ್ನೊಮ್ಮೆ," ಅಂದಳು. ಬೆರಳು ಒಂದು ಕಾಳಿನಷ್ಟು ಮೇಲೆ ಬಂದಿತ್ತು.

ಅಲ್ಲಿಂದ ಮನೆಗೆ ಬರಲು ಮತ್ತೆ ಮೂರು ವಾರ ಹಿಡಿಯಿತು, ಕೋಲಿಲ್ಲದೆ ನಡೆಯಲು ಐದಾರು ತಿಂಗಳು. ಶಕ್ತಿ ಮುಕ್ಕಾಲು ಪಾಲು ಬಂತು. ಮುಕ್ಕಾಲು ಶಕ್ತಿಯ ಪಾದವನ್ನು ಯಾರೂ ಬ್ರೇಕಿನ ಮೇಲೆ ಇಡಗೊಡುವುದಿಲ್ಲ. ನನ್ನ ತಪ್ಪಿಗೆ ಶಿಕ್ಷೆಯೂ ಆಯಿತು, ಬಡ್ತಿ ತಡೆದರು. ಆದರೆ ನೌಕರಿ ತೆಗೆಯಲಿಲ್ಲ. ಹಳಿಯಾಳ ಸ್ಟ್ಯಾಂಡಿನಲ್ಲಿ ಬಸ್ಸುಗಳು ಬರುವ ಹೋಗುವ ವೇಳೆ ಬರೆದುಕೊಳ್ಳುವ ಕೆಲಸಕ್ಕೆ ಹಾಕಿದರು. ನನ್ನ ಕಣ್ಣೆದುರಿಗೇ ನನ್ನ ಬಸ್ಸಿಗೆ ಬೇರೆಯವನು ಹತ್ತಿದ. ಚಾಚಾ ಅವನ ಹಿಂದೆ ಗಂಟೆ ಬಾರಿಸಿದರು. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಾನು ಪೆನ್ನು ಹಿಡಿದು ನಿಂತಿದ್ದೆ.

ಆ ಕೆಲಸವನ್ನು ನಾನು ನಿವೃತ್ತಿಯ ತನಕ ಮಾಡಿದೆ. ಹೊರಗಿನವರಿಗೆ ಅದು ನೆರಳಿನಲ್ಲಿ ಕೂತು ಮಾಡುವ ಹಗುರ ಕೆಲಸ. ನನಗೆ ಹಾಗಿರಲಿಲ್ಲ. ಸಂಜೆ ಜೊಯಿಡಾದ ಬಸ್ಸು ಹತ್ತು ನಿಮಿಷ ತಡವಾದರೆ ರಸ್ತೆಯ ತನಕ ಹೋಗಿ ನಿಲ್ಲುತ್ತಿದ್ದೆ. ಗಾಲಿಯ ಗಾಳಿ ಹೋಗಿರಬಹುದು, ಕಟ್ಟಿಗೆ ಲಾರಿ ಅಡ್ಡ ನಿಂತಿರಬಹುದು ಎಂದು ಉಳಿದವರು ಹೇಳುತ್ತಿದ್ದರು. ಹೌದು ಅನ್ನುತ್ತಿದ್ದೆ. ಬಸ್ಸು ಬಂದು ನಿಂತು, ಡ್ರೈವರ್ ಎರಡೂ ಕಾಲೂರಿ ಇಳಿಯುವುದನ್ನು ನೋಡಿದ ಮೇಲೆಯೇ ನಾನು ವೇಳೆ ಬರೆದು ಮನೆಗೆ ಹೊರಡುತ್ತಿದ್ದದ್ದು.